ಕಿಟಕಿ ಪಕ್ಕದ ಕುರ್ಚಿ

ಫೆಬ್ರವರಿ 3, ಶುಕ್ರವಾರ

ನನ್ನದೇ ಅಂಗಡಿಯಿಂದ ನನ್ನನ್ನೇ ಮನೆಗೆ ಕಳಿಸಿದ್ದಾರೆ. ಕಳಿಸಿದವನು ಬೇರೆ ಯಾರೂ ಅಲ್ಲ, ನಾನೇ ಕತ್ತರಿ ಹಿಡಿಯಲು ಕಲಿಸಿದ ನನ್ನ ತಮ್ಮ.

ಆದದ್ದು ಇಷ್ಟು. ಮೇಷ್ಟ್ರು ಎಂದಿನಂತೆ ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಒರಗಿದ್ದರು. ನಾನು ಗಡ್ಡ ಹೆರೆಯುತ್ತಾ ಮದುವೆ ಮನೆಗೆ ಒಂದೇ ಬದಿಯ ಮೀಸೆಯಲ್ಲಿ ಹೋದವನ ಕಥೆ ಹೇಳುತ್ತಿದ್ದೆ. ಕಥೆಯ ಕೊನೆ ಬರುವ ಮೊದಲೇ ನನಗೇ ನಗು ಬಂತು. ನಗುವಿನ ಬೆನ್ನಿಗೇ ಕೆಮ್ಮು ಬಂತು. ಕೈಯಲ್ಲಿ ಕತ್ತಿ ಇತ್ತು. ಮೇಷ್ಟ್ರ ದವಡೆಯ ಕೆಳಗೊಂದು ಗೆರೆ ಎದ್ದು, ನೋಡನೋಡುತ್ತಿದ್ದಂತೆ ಕೆಂಪಾಯಿತು.

ಆಳವೇನಿರಲಿಲ್ಲ. ಪಟಿಕದ ಕಲ್ಲು ಒತ್ತಿದೆವು, ರಕ್ತ ನಿಂತಿತು. "ಬಿಡಪ್ಪ, ನನ್ನ ಸ್ಟೂಡೆಂಟ್ಸು ಇದಕ್ಕಿಂತ ಜಾಸ್ತಿ ರಕ್ತ ಹೀರಿದಾರೆ" ಎಂದರು ಮೇಷ್ಟ್ರು. ದೊಡ್ಡ ಮನುಷ್ಯ. ಆದರೆ ಬಾಗಿಲು ದಾಟುವಾಗ ಕುತ್ತಿಗೆ ಸವರಿಕೊಂಡದ್ದು ನನಗೆ ಕನ್ನಡಿಯಲ್ಲಿ ಕಾಣಿಸಿತು.

ಅವರು ಹೋದ ಮೇಲೆ ತಮ್ಮ ನನ್ನ ಕೈಯಿಂದ ಕತ್ತಿ ತೆಗೆದುಕೊಂಡ. "ಅಣ್ಣಾ, ಸ್ವಲ್ಪ ದಿನ ಮನೇಲಿರು."

"ಎಲ್ಲಿವರೆಗೆ?"

"ವಾಸಿಯಾಗೋವರೆಗೆ."

ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಶ್ವಾಸಕೋಶದ ಕೊಳವೆಗಳು ಕಿರಿದಾಗಿವೆ, ಹಾಳಾದದ್ದು ಹಾಳಾಯಿತು, ಉಳಿದದ್ದನ್ನು ಜೋಪಾನ ಮಾಡಿ ಎಂದು ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ. ಅದನ್ನೇ ಅವನಿಗೆ ನೆನಪಿಸಿದೆ. ಅವನು ನೆಲ ನೋಡಿಕೊಂಡು ಹೇಳಿದ: ಕೆಲಸ ಕೇಳಿಕೊಂಡು ಒಬ್ಬ ಬಂದಿದ್ದಾನೆ, ಕೈ ಚೆನ್ನಾಗಿದೆಯಂತೆ, ಏಪ್ರಿಲ್‌ವರೆಗೆ ಕಾಯುತ್ತಾನಂತೆ. ಆಗಲೂ ನನ್ನಿಂದ ಆಗದಿದ್ದರೆ ಆ ಕುರ್ಚಿ ಅವನಿಗೆ.

ನನ್ನ ಕುರ್ಚಿ! ಮೈಯೆಲ್ಲ ಉರಿದುಹೋಯಿತು. ಸರಿಯಾಗಿ ಬೈಯೋಣವೆಂದರೆ ಅರ್ಧ ವಾಕ್ಯಕ್ಕೇ ದಮ್ಮು ಮುಗಿಯಿತು.

ಫೆಬ್ರವರಿ 5, ಭಾನುವಾರ

ಈ ಡೈರಿ ಯಾರೋ ಗಿರಾಕಿ ಹೊಸ ವರ್ಷಕ್ಕೆ ಕೊಟ್ಟದ್ದು. ನಾನೇಕೆ ಬರೆಯುತ್ತಿದ್ದೇನೆ ಎಂದರೆ, ಮಾತಾಡಲು ಉಸಿರು ಸಾಲುತ್ತಿಲ್ಲ. ಆಡದ ಮಾತು ಒಳಗೇ ಕೂತರೆ ನನಗೆ ಅಜೀರ್ಣವಾಗುತ್ತದೆ.

ನಾನು ಮಾತಿನವನು. ಊರಲ್ಲಿ ಕೂದಲು ಕತ್ತರಿಸುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ನನ್ನ ಕುರ್ಚಿಗೆ ಕಾಯುವವರು ಮಾತಿಗಾಗಿ ಕಾಯುತ್ತಿದ್ದರು. ತಮ್ಮನ ಗಿರಾಕಿಗಳೂ ನನ್ನ ಕಡೆಗೇ ಕಿವಿ ಕೊಟ್ಟು ಕೂತಿರುತ್ತಿದ್ದರು. ಅವನ ಕುರ್ಚಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಪಾಪ, ಅವನಿಗೆ ಮಾತು ಬರುವುದಿಲ್ಲ.

ಈಗ ಸ್ನಾನ ಮಾಡಿ ಬಂದರೆ ಕುಸ್ತಿ ಆಡಿ ಬಂದಂತೆ. ಅಂಗಿಯ ತೋಳು ತೂರಿಸಿ ಒಂದು ಸಲ ಕೂರಬೇಕು, ಗುಂಡಿ ಹಾಕಿ ಇನ್ನೊಂದು ಸಲ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾಳೆ, ಪರರ ಪ್ಯಾಂಟು ಗಿಡ್ಡ ಮಾಡುತ್ತಾಳೆ. "ಸುಮ್ನೆ ಕೂತು ನನ್ನ ಮುಖ ಯಾಕೆ ನೋಡ್ತೀರಾ, ಗುಂಡಿ ಆದ್ರೂ ಹೊಲೀರಿ" ಎಂದಳು. ಕತ್ತಿ ಹಿಡಿದ ಕೈಗೆ ಸೂಜಿ ಬಂತು.

ಫೆಬ್ರವರಿ 9, ಗುರುವಾರ

ಇವತ್ತಿನದನ್ನು ಯಾರಿಗೂ ಹೇಳುವಂತಿಲ್ಲ.

ಆಸ್ಪತ್ರೆಯಲ್ಲಿ ಉಸಿರಿನ ಪಾಠ ಹೇಳುವ ಕೋಣೆಯೊಂದಿದೆ. ಅಲ್ಲಿರುವ ಮೇಡಂ ಬಾಯಿ ತೆರೆದರೆ "ಊದಿ" ಎನ್ನುತ್ತಾರೆ, ಹಾಗಾಗಿ ನಾನು ಊದು ಮೇಡಂ ಎಂದು ಹೆಸರಿಟ್ಟಿದ್ದೇನೆ. "ಇನ್‌ಹೇಲರ್ ಹೇಗೆ ತಗೋತೀರಾ, ಸ್ವಲ್ಪ ತೋರ್ಸಿ" ಎಂದರು. ಇದೇನು ಮಹಾ ವಿದ್ಯೆ ಎಂದುಕೊಂಡು ಬಾಯಿ ಅಗಲಿಸಿ, ಮೊಣಕೈ ಎತ್ತಿ, ಫುಸ್ ಫುಸ್ ಫುಸ್ ಎಂದು ಹೊಡೆದುಕೊಂಡೆ.

ಮೇಡಂ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. "ಏನ್ ಕೆಲಸ ನಿಮ್ದು?"

"ಕ್ಷೌರದ ಅಂಗಡಿ."

"ಅದಕ್ಕೇ ಹೀಗೆ! ನಾಲಿಗೆಗೆ ನೀರು ಚಿಮುಕಿಸಿ ಬಾಚೋಕೆ ರೆಡಿ ಮಾಡ್ತಿದೀರಲ್ಲ!"

ಕೂದಲಿಗೆ ನೀರು ಸಿಂಪಡಿಸುವ ಬಾಟಲಿಯ ಹಾಗೆಯೇ ನಾನದನ್ನು ಹಿಡಿದಿದ್ದೆ. ಉಸಿರು ಎಳೆಯುವುದಕ್ಕೂ ಒತ್ತುವುದಕ್ಕೂ ಸಂಬಂಧವೇ ಇರಲಿಲ್ಲ. ಒಂದು ವರ್ಷದಿಂದ ಔಷಧಿ ತಿಂದದ್ದು ನನ್ನ ನಾಲಿಗೆ, ಉಪವಾಸ ಬಿದ್ದದ್ದು ನನ್ನ ಎದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ನಕ್ಕದ್ದಕ್ಕೋ ಅತ್ತದ್ದಕ್ಕೋ ತಿಳಿಯಲಿಲ್ಲ.

ಇನ್‌ಹೇಲರ್ ಸಿಕ್ಕಿಸಿಕೊಳ್ಳಲು ಪ್ಲಾಸ್ಟಿಕ್ಕಿನ ಉದ್ದನೆಯ ಡಬ್ಬಿಯೊಂದನ್ನು ಕೊಟ್ಟಿದ್ದಾರೆ. ಒಮ್ಮೆ ಒತ್ತಬೇಕು, ನಿಧಾನವಾಗಿ ಎಳೆದು ಹಿಡಿದಿಟ್ಟುಕೊಳ್ಳಬೇಕು, ಕೊನೆಗೆ ಬಾಯಿ ಮುಕ್ಕಳಿಸಬೇಕು. ಜೊತೆಗೆ ಬಿಸಿ ಕಾಫಿ ಆರಿಸುವಂತೆ ತುಟಿ ಚೂಪು ಮಾಡಿ ಉಸಿರು ಬಿಡುವ ಅಭ್ಯಾಸ. ಮೂಗಿನಿಂದ ಒಳಗೆ, ತುಟಿಯಿಂದ ಹೊರಗೆ, ಹೊರಗೆ ಹೋಗುವುದು ಉದ್ದ.

ಫೆಬ್ರವರಿ 10, ಶುಕ್ರವಾರ

ಊದಿದೆ. ಏನೂ ಆಗಲಿಲ್ಲ.

ಫೆಬ್ರವರಿ 16, ಗುರುವಾರ

ವಾರಕ್ಕೆರಡು ಸಲ ವ್ಯಾಯಾಮದ ತರಗತಿ. ನಡೆಯುವುದು, ಕುರ್ಚಿಯಿಂದ ಏಳುವುದು, ಕೂರುವುದು. ದಮ್ಮಿನವರಿಗೆ ವ್ಯಾಯಾಮವೇ ಎಂದು ನಾನು ತಕರಾರು ತೆಗೆದೆ. ಸುಮ್ಮನೆ ಕೂತಷ್ಟೂ ಕಾಲು ಸೋಲುತ್ತದೆ, ಸೋತ ಕಾಲು ಹೆಚ್ಚು ಉಸಿರು ಕೇಳುತ್ತದೆ ಎಂದರು ಮೇಡಂ. ನಾನು ಇನ್ನೂ ಒಂದು ಸುತ್ತು ವಾದಿಸುತ್ತಿದ್ದೆ, ಉಸಿರಿದ್ದಿದ್ದರೆ.

ಅಲ್ಲಿ ಒಬ್ಬರು ಹಿರಿಯ ಹೆಂಗಸು ಇದ್ದಾರೆ. ಮೂಗಿಗೆ ಆಮ್ಲಜನಕದ ಸಣ್ಣ ನಳಿಗೆ, ಕೈಯಲ್ಲಿ ಗಾಲಿಯ ಸಿಲಿಂಡರು, ಬಾಯಲ್ಲಿ ಬೆಂಕಿ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರಂತೆ. ನಾನು ಮೂರನೇ ಸುತ್ತಿಗೆ ಕಂಬ ಹಿಡಿದು ಗಾಳಿಗಾಗಿ ಬಾಯಿ ಬಾಯಿ ಬಿಡುತ್ತಿದ್ದಾಗ ಹತ್ತಿರ ಬಂದರು.

"ಯಾಕಪ್ಪಾ ಹಂಗೆ ಒಳಗೆ ನುಗ್ಗಿಸ್ತೀಯ? ಬಸ್ಸು ತುಂಬಿದೆ. ಮೊದ್ಲು ಇಳಿಯೋರನ್ನ ಇಳಿಸು. ಹತ್ತೋರು ತಾವಾಗೇ ಹತ್ತುತಾರೆ."

ಊದು ಮೇಡಂ ಚಪ್ಪಾಳೆ ತಟ್ಟಿ, "ನಾನು ಬೋರ್ಡ್ ಮೇಲೆ ಬರೆದು ಹೇಳೋದನ್ನೇ ಹೇಳಿದ್ರಿ" ಎಂದರು. ಹಳೆಯ ಗಾಳಿ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಂಡಿರುತ್ತದಂತೆ, ಅದಕ್ಕೇ ಹೊಸದಕ್ಕೆ ಜಾಗವಿಲ್ಲವಂತೆ. ಇಳಿಸಿದೆ. ನಿಜವಾಗಿಯೂ ಜಾಗವಾಯಿತು.

ಫೆಬ್ರವರಿ 23, ಗುರುವಾರ

ಇವತ್ತು ಜಗಳವಾಡಿ ಬಂದೆ. ಸುಮ್ಮನೆ ನಿಂತರೆ ಪರವಾಗಿಲ್ಲ, ಕೈ ಎತ್ತಿದ ಕೂಡಲೇ ದಮ್ಮು ಬರುತ್ತದೆ, ಏಕೆ ಎಂದು ಕೇಳಿದೆ. ಭುಜದ ಸ್ನಾಯುಗಳನ್ನೂ ನನ್ನ ದೇಹ ಈಗ ಉಸಿರಾಟಕ್ಕೆ ಹಚ್ಚಿಕೊಂಡಿದೆಯಂತೆ. ಕೈ ಎತ್ತಿದರೆ ಅವು ಎರಡು ಕೆಲಸ ಮಾಡಬೇಕು. ಅದಕ್ಕೆ ಮೇಡಂ ಕೊಟ್ಟ ಪರಿಹಾರ: ಕೂತು ಕೆಲಸ ಮಾಡಿ, ಮೊಣಕೈಗೆ ಆಸರೆ ಕೊಡಿ, ಗಿರಾಕಿಯ ಕುರ್ಚಿಯನ್ನು ಕೆಳಗಿಳಿಸಿ.

ಕೂತು ಕ್ಷೌರ ಮಾಡುವುದೇ! ನಮ್ಮ ವೃತ್ತಿಯಲ್ಲಿ ಕೂರುವವನು ಗಿರಾಕಿ, ನಿಲ್ಲುವವನು ನಾವು. ನಮ್ಮಪ್ಪ ಕಾಲು ಊದಿಕೊಂಡಾಗಲೂ ಕೂತವರಲ್ಲ. ನಿಂತು ಮಾಡಲಾಗದಿದ್ದರೆ ಮಾಡುವುದೇ ಇಲ್ಲ ಎಂದುಬಿಟ್ಟೆ.

"ಅದೂ ಒಂದು ದಾರಿನೇ" ಎಂದು ಮೇಡಂ ಮುಂದಿನವರನ್ನು ಕರೆದರು. ಮುಖಕ್ಕೆ ಹೊಡೆದಂತಾಯಿತು.

ಮಾರ್ಚ್ 2, ಗುರುವಾರ

ಮನೆಯ ಮೆಟ್ಟಿಲ ತಿರುವಿನಲ್ಲಿ ನಿಲ್ಲದೆ ಮೇಲಕ್ಕೆ ಬಂದೆ. ತರಕಾರಿ ಚೀಲ ಹೆಂಡತಿಯ ಕೈಯಲ್ಲಿತ್ತು, ಆದ್ದರಿಂದ ಇದನ್ನು ಲೆಕ್ಕಕ್ಕೆ ಹಿಡಿಯಬಾರದು.

ಮಧ್ಯಾಹ್ನ ಗುಂಡಿ ಹೊಲಿಯುತ್ತಾ ಕೂತಿದ್ದೆ. ಊದುವ ಅಭ್ಯಾಸ ನಡೆದಿತ್ತು, ಹಾಗಾಗಿ ಮಾತಿಲ್ಲ. ಅವಳು ಯಂತ್ರ ನಿಲ್ಲಿಸಿ ಇದ್ದಕ್ಕಿದ್ದಂತೆ ಹೇಳಿದಳು. "ನೀವು ಕೆಮ್ಮುವಾಗ ನಂಗೇನೂ ಅನ್ಸಲ್ಲ. ಕೆಮ್ಮು ನಿಂತಾಗ ಭಯ ಆಗುತ್ತೆ. ಎದ್ದು ಬಂದು ನೋಡ್ತೀನಿ, ಎದೆ ಏಳ್ತಿದೆಯಾ ಅಂತ."

ಎಷ್ಟು ದಿನದಿಂದ ಎಂದು ಕೇಳಿದೆ. ವರ್ಷವಾಯಿತಂತೆ.

"ಹೇಳ್ಲೇ ಇಲ್ವಲ್ಲ?"

"ಯಾವಾಗ ಹೇಳ್ಲಿ?"

ಸೂಜಿ ಚುಚ್ಚಿಕೊಂಡೆ. ಅವಳು ಮತ್ತೆ ಯಂತ್ರ ತುಳಿಯತೊಡಗಿದಳು, ತುಳಿಯುತ್ತಲೇ ಇನ್ನೂ ಏನೇನೋ ಹೇಳಿದಳು. ಗಾಲಿಕುರ್ಚಿಯ ಮುದುಕಿಯೊಬ್ಬಳ ಸ್ಕರ್ಟಿಗೆ ಜೇಬು ಇಟ್ಟುಕೊಟ್ಟದ್ದು, ಆ ಮುದುಕಿ ಅದರೊಳಗೆ ಕೈ ಹಾಕಿಕೊಂಡೇ, ಕುರ್ಚಿ ತಳ್ಳಿಸಿಕೊಂಡು, ಬೀದಿಯುದ್ದಕ್ಕೂ ಹೋದದ್ದು. ಒಳ್ಳೆಯ ಕಥೆ. ಇಷ್ಟು ಚೆನ್ನಾಗಿ ಕಥೆ ಹೇಳಲು ಇವಳು ಯಾವಾಗ ಕಲಿತಳೋ.

ಮಾರ್ಚ್ 8, ಬುಧವಾರ

ಹೆಂಡತಿಯ ಹೊರತು ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಇವತ್ತು ಕೂತು ನೋಡಿದೆ.

ಹೊಸಬರಿಗೆ ಗಡ್ಡ ಹೆರೆಯಲು ಕಲಿಸುವುದು ಬಲೂನಿನ ಮೇಲೆ. ಬಲೂನಿಗೆ ನೊರೆ ಬಳಿದು ಕತ್ತಿಯಿಂದ ತೆಗೆಯಬೇಕು. ಒತ್ತಿದರೆ ಢಂ. ತಮ್ಮನಿಗೆ ನಾನು ಹಾಗೆಯೇ ಕಲಿಸಿದ್ದು. ಬಲೂನು ಊದಲು ನನ್ನಿಂದ ಆಗದು, ಹೆಂಡತಿಯೇ ಊದಿ ಮಡಿಲಲ್ಲಿಟ್ಟುಕೊಂಡಳು. ನಾನು ಎದುರಿನ ಮೋಟು ಸ್ಟೂಲಿನಲ್ಲಿ ಕೂತೆ. ಮೊದಲನೆಯದು ಒಡೆದು ನೊರೆಯೆಲ್ಲ ಅವಳ ಮೂಗಿನ ಮೇಲೆ. ಎರಡನೆಯದೂ ಹೋಯಿತು. "ಇನ್ನೂ ಎಷ್ಟು ಊದಿಸ್ತೀರಾ, ಆಮೇಲೆ ನನ್ನನ್ನೂ ಮೇಡಂ ಹತ್ರ ಸೇರಿಸ್ಬೇಕಾಗುತ್ತೆ" ಎಂದಳು.

ಉಸಿರು ಎಳೆಯುವಾಗ ಕತ್ತಿ ಎತ್ತಿ, ಬಿಡುವಾಗ ಹೆರೆದರೆ ಕೈ ನಡುಗುವುದಿಲ್ಲ ಎಂದು ಗೊತ್ತಾಯಿತು. ಒಂದು ಉಸಿರಿಗೆ ಒಂದು ಎಳೆತ. ಕೊನೆಯ ಬಲೂನು ಪೂರ್ತಿ ಬೋಳಾಗಿ, ನುಣ್ಣಗೆ, ಜೀವಂತ ಉಳಿಯಿತು. ಅವಳು ಅದನ್ನು ಕಿಟಕಿಗೆ ಕಟ್ಟಿದ್ದಾಳೆ.

ಮಾರ್ಚ್ 13, ಸೋಮವಾರ

ನೆಗಡಿ.

ಮಾರ್ಚ್ 14, ಮಂಗಳವಾರ

ಕಫದ ಬಣ್ಣ ತಿರುಗಿದೆ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ತಮ್ಮನ ಕಿವಿಗೆ ಹೋಗುತ್ತದೆ, ಅಲ್ಲಿಗೆ ನನ್ನ ಕುರ್ಚಿಯ ಕಥೆ ಮುಗಿಯಿತು.

ಮಾರ್ಚ್ 15, ಬುಧವಾರ

ಒಗೆಯಲು ಹಾಕಿದ್ದ ಕರವಸ್ತ್ರ ನೋಡಿ ಅವಳಿಗೆ ತಿಳಿಯಿತು. ಬೈಯಲಿಲ್ಲ. ಮೇಡಂ ಕೊಟ್ಟ ನಂಬರಿಗೆ ಫೋನು ಮಾಡಿ, ಬಣ್ಣ, ದಮ್ಮು, ಜ್ವರ ಎಲ್ಲ ಹೇಳಿ, ಡಾಕ್ಟರು ಬರೆದ ಮಾತ್ರೆ ತಂದು ಕೈಗಿಟ್ಟಳು. "ಮೇಡಂ ಏನಂದ್ರು ಗೊತ್ತಾ? ಮೊದಲ ದಿನಾನೇ ಮಾಡಿದ್ರೆ ಇನ್ನೂ ಒಳ್ಳೇದಿತ್ತು ಅಂದ್ರು."

ಮಾರ್ಚ್ 16, ಗುರುವಾರ

ಭಯವಾಗುತ್ತಿದೆ. ಮಂಚದಿಂದ ಬಚ್ಚಲಿಗೆ ಹೋಗುವುದೇ ಪರಊರಿಗೆ ಹೋದಂತೆ. ಮೇಜಿನ ಮೇಲೆ ತಲೆಯೂರಿ, ಪುಟ್ಟ ಫ್ಯಾನು ಮುಖಕ್ಕೆ ತಿರುಗಿಸಿಕೊಂಡು ಕೂತಿದ್ದೇನೆ. ಇಳಿಸು, ಇಳಿಸು, ಇಳಿಸು.

ಮಾರ್ಚ್ 19, ಭಾನುವಾರ

ಸ್ವಲ್ಪ ವಾಸಿ. ಆಸ್ಪತ್ರೆ ಸೇರುವುದು ತಪ್ಪಿತು.

ತರಗತಿಗೆ ಬರಲಿಲ್ಲವೆಂದು ಕಂಡಕ್ಟರಮ್ಮ ಫೋನು ಮಾಡಿದ್ದರು. ನಾನು ಒಂದೂ ಮಾತಾಡಲಿಲ್ಲ, ಅವರೇ ಆಡಿದರು. ಮೊದಲ ಸಲ ಸಿಲಿಂಡರು ಎಳೆದುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದಾಗ ನಾಚಿಕೆಯಿಂದ ಅದಕ್ಕೆ ಶಾಲು ಹೊದಿಸಿದ್ದರಂತೆ. ಯಾರೋ ಮಗು ಮಲಗಿದೆ ಎಂದುಕೊಂಡು ಸೀಟು ಬಿಟ್ಟುಕೊಟ್ಟರಂತೆ. "ಅವತ್ತಿಂದ ನಾಚಿಕೆ ಇಳಿದುಹೋಯ್ತು ನೋಡು. ಕೂತ್ಕೊಂಡು ಹೋದ್ರೂ ಊರು ಬಂದೇ ಬರುತ್ತೆ."

ಸಂಜೆ ಹೆಂಡತಿಗೆ ಹೇಳಿದೆ, ಆ ಮೋಟು ಸ್ಟೂಲಿಗೆ ಒಂದು ಮೆತ್ತೆ ಹೊಲಿದುಕೊಡು ಎಂದು.

ಮಾರ್ಚ್ 22, ಬುಧವಾರ

ಅಂಗಡಿಗೆ ಹೋದೆ. ಬಾಗಿಲ ಸಂದಿಯಿಂದಲೇ ಕಂಡಿತು, ನನ್ನ ಡ್ರಾಯರಿನ ಸಾಮಾನೆಲ್ಲ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬಿದ್ದಾನೆ. ತಮ್ಮ ತಬ್ಬಿಬ್ಬಾಗಿ, "ಧೂಳು ಹೊಡೀತಿದ್ದೆ ಅಷ್ಟೇ" ಎಂದ. ಸುಳ್ಳು ಹೇಳಲೂ ಬಾರದು ಅವನಿಗೆ.

ಹಿಂದಿನ ನಾನಾಗಿದ್ದರೆ ಒಂದು ಭಾಷಣ ಬಿಗಿಯುತ್ತಿದ್ದೆ. ಮನೆಯಿಂದ ತಂದ ಸ್ಟೂಲನ್ನು ಕುರ್ಚಿಯ ಹಿಂದೆ ಇಟ್ಟು ಕೂತು ತೋರಿಸಿದೆ, ಅಷ್ಟೇ. ಕುರ್ಚಿಯನ್ನು ಪೂರ್ತಿ ಕೆಳಕ್ಕಿಳಿಸಿದರೆ ತಲೆ ಸರಿಯಾಗಿ ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದ. ನನ್ನ ಉಸಿರಿಗೆ ಆಗದೆಂದು ಪೌಡರ್ ಡಬ್ಬಿಯನ್ನೂ ಸ್ಪ್ರೇಯನ್ನೂ ಎತ್ತಿ ಒಳಗಿಟ್ಟ. ಕುತ್ತಿಗೆಯ ಕೂದಲು ಒರೆಸಲು ಒದ್ದೆ ಬಟ್ಟೆ ಸಾಕು ಎಂದ.

"ಕತ್ತರಿ ಮಾತ್ರ. ಕತ್ತಿ ಮುಟ್ಟೋ ಹಾಗಿಲ್ಲ. ತಿಂಗಳ ಕೊನೆಗೆ ಏನೂಂತ ಹೇಳ್ತೀನಿ."

ನನಗೆ ತಿರುಗಿ ಹೇಳಲು ಬಹಳ ಇತ್ತು. ಸರಿ ಎಂದೆ.

ಮಾರ್ಚ್ 25, ಶನಿವಾರ

ಬಂದರಿನ ಕ್ರೇನಿನವನು ಬಂದಿದ್ದ. ವರ್ಷಗಟ್ಟಲೆಯಿಂದ ಬರುತ್ತಾನೆ, "ಚಿಕ್ಕದಾಗಿ" ಎನ್ನುತ್ತಾನೆ, ಮುಗಿದ ಮೇಲೆ ತಲೆಯಾಡಿಸುತ್ತಾನೆ. ಮಾತೇ ಇಲ್ಲದ ಪ್ರಾಣಿ ಎಂದುಕೊಂಡಿದ್ದೆ.

ಇವತ್ತು ಅವನ ತಲೆಯ ಹಿಂದೆ ಕೂತು, ಬಿಡುವಾಗ ಕತ್ತರಿ, ಎಳೆಯುವಾಗ ಬಾಚಣಿಗೆ, ಹೀಗೆ ಸಾಗಿದ್ದೆ. ಕಿವಿಯ ಹತ್ತಿರ ಬಂದಾಗ ಅವನು ಕನ್ನಡಿಗೆ ಹೇಳುವಂತೆ ಹೇಳಿದ. "ಮಗಳು ಹುಟ್ಟಿದಾಳೆ. ಹೋದ ವಾರ. ದಿನ ತುಂಬೋ ಮುಂಚೆನೇ. ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ."

ನಾನು ಕತ್ತರಿ ನಿಲ್ಲಿಸಿದೆ.

"ಅಷ್ಟು ಭಾರ ಎತ್ತಿದೀನಿ ನಾನು, ಹಡಗಿನಷ್ಟು. ಅವಳನ್ನ ಎತ್ಕೊಳ್ಳೋಕೆ ಕೈ ಬರ್ತಿಲ್ಲ. ಬೆರಳೇ ದಪ್ಪ ಅನ್ಸುತ್ತೆ." ಆಮೇಲೆ ಮಗು ಉಸಿರಾಡುವುದನ್ನು ಹೇಳಿದ. ಪಕ್ಕೆ ಒಳಗೆ ಹೋಗುವುದು, ಹೊರಗೆ ಬರುವುದು. ನಿನ್ನೆಯಿಂದ ತಾನೇ ಉಸಿರಾಡುತ್ತಿದೆಯಂತೆ, ಯಂತ್ರ ತೆಗೆದಿದ್ದಾರಂತೆ. ಅದನ್ನು ಹೇಳುವಾಗ ಅವನು ಅಳುತ್ತಿದ್ದ, ಕೈ ನಾನು ಹೊದಿಸಿದ ಬಟ್ಟೆಯೊಳಗಿದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ನಾನೇ ಒರೆಸಿದೆ.

ಈ ವಾರ ಗಿರಾಕಿಗಳೆಲ್ಲ ಯಾಕೋ ಬಹಳ ಮಾತಾಡುತ್ತಿದ್ದಾರೆ. ಹವೆ ಬದಲಾದದ್ದಕ್ಕಿರಬೇಕು.

ಮಾರ್ಚ್ 28, ಮಂಗಳವಾರ

ಮೇಷ್ಟ್ರು ಬಂದರು. ಖುಷಿಯಿಂದ ಸ್ಟೂಲು ಜರುಗಿಸಿದೆ. ಕೂದಲು ಮುಗಿಯಿತು. ಗಡ್ಡಕ್ಕೆ ಅವರು ಎದ್ದು ತಮ್ಮನ ಕುರ್ಚಿಗೆ ಹೋಗಿ ಕೂತರು. "ತಪ್ಪು ತಿಳ್ಕೋಬೇಡಪ್ಪ. ನನ್ನ ಹೆಂಡತಿ ಆಣೆ ಹಾಕಿಸ್ಕೊಂಡಿದಾಳೆ."

ತಪ್ಪೇನು ತಿಳಿದುಕೊಳ್ಳಲಿ. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಆದರೂ ನೋವಾಯಿತು, ಬಹಳ ನೋವಾಯಿತು. ಗಡ್ಡ ಹೆರೆಯಲಾಗದ ಕುರ್ಚಿ ಅರ್ಧ ಕುರ್ಚಿ. ಹೊಸಬನಿಗೆ ಎರಡೂ ಬರುತ್ತವೆ. ತಮ್ಮ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ ಕಣ್ಣು ತಪ್ಪಿಸಿದ.

ಮಾರ್ಚ್ 31, ಶುಕ್ರವಾರ

ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿಗಳಿರಲಿಲ್ಲ. ತಮ್ಮ ಅಂಗಡಿಯ ಬಾಗಿಲು ಮುಂದೆ ಮಾಡಿದ. ಇನ್ನು ಹೇಳುತ್ತಾನೆ ಎಂದುಕೊಂಡೆ. ಡ್ರಾಯರಿನಲ್ಲಿ ಏನೇನು ನನ್ನದು, ಏನೇನು ಅಂಗಡಿಯದು ಎಂದು ಮನಸ್ಸಿನಲ್ಲೇ ಬೇರೆ ಮಾಡುತ್ತಿದ್ದೆ.

ಅವನು ಬಂದು ನನ್ನ ಕುರ್ಚಿಯಲ್ಲಿ ಕೂತ. ತಾನೇ ಕೆಳಕ್ಕಿಳಿಸಿಕೊಂಡ. ಕತ್ತಿಯನ್ನು ಹಿಡಿಕೆ ನನ್ನ ಕಡೆಗಿರುವಂತೆ ಚಾಚಿ, "ಗಡ್ಡ ಮಾಡು" ಎಂದ.

"ಮೇಷ್ಟ್ರಿಗೆ ಆದದ್ದು ನೆನಪಿದೆಯಾ?" ಎಂದೆ.

"ಇದೆ. ಮಾಡು." ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದ.

ನೊರೆ ಹಚ್ಚಿದೆ. ಸ್ಟೂಲಿನಲ್ಲಿ ಕೂತು ಮೊಣಕೈಯನ್ನು ಕುರ್ಚಿಯ ಬೆನ್ನಿಗೆ ಊರಿದೆ. ಒಂದು ಉಸಿರಿಗೆ ಒಂದು ಎಳೆತ. ಬಲಗೆನ್ನೆ ಮುಗಿಯಿತು. ಎಡಗೆನ್ನೆಯ ಅರ್ಧದಲ್ಲಿ ಒಳಗೆಲ್ಲೋ ಕೆಮ್ಮು ಕದಲಿತು. ಕತ್ತಿ ಎತ್ತಿ ತಟ್ಟೆಯಲ್ಲಿಟ್ಟೆ. ಆ ಕಡೆ ತಿರುಗಿ, ಮೇಡಂ ಹೇಳಿಕೊಟ್ಟಂತೆ ಕನ್ನಡಿಗೆ ಆವಿ ಹಿಡಿಸುವ ಹಾಗೆ ಹಾ ಹಾ ಎಂದು ಗಾಳಿ ತಳ್ಳಿದೆ. ಕಫ ಬಂತು, ಕಾಗದದಲ್ಲಿ ತೆಗೆದೆ, ಕೈ ತೊಳೆದೆ. ತಿರುಗಿ ನೋಡಿದರೆ ಅವನು ಅರ್ಧ ಮುಖದ ನೊರೆಯಲ್ಲಿ ಹಾಗೆಯೇ ಒರಗಿದ್ದ. ಕಣ್ಣು ಕೂಡ ತೆರೆದಿರಲಿಲ್ಲ.

"ಹೋಯ್ತಾ?"

"ಹೋಯ್ತು."

"ಮುಗಿಸು ಹಾಗಾದ್ರೆ."

ಕೂತೆ. ಇನ್ನೆರಡು ಎಳೆತ ಎಳೆದಿರಬೇಕು, ಅವನು ಮಾತು ಶುರು ಮಾಡಿದ. "ಅಣ್ಣಾ, ನೀನು ಮನೇಲಿದ್ದಾಗ ಈ ಅಂಗಡೀಲಿ ನನ್ನ ಕತ್ತರಿ ಸದ್ದು ನಂಗೇ ಕೇಳಿಸ್ತಿತ್ತು. ಬಾಗಿಲು ಹಾಕ್ಕೊಂಡು ಹೋಗ್ಬಿಡೋಣ ಅನ್ನಿಸ್ತಿತ್ತು. ನಿನ್ನ ಮೇಲಿನ ಸಿಟ್ಟಿಗಲ್ಲ ಕಳಿಸಿದ್ದು. ಅವತ್ತು ನೀನು ಕೆಮ್ಮಿ ನೀಲಿಗಟ್ಟಿದ್ಯಲ್ಲ, ಮೇಷ್ಟ್ರ ರಕ್ತ ನಾನು ನೋಡ್ಲೇ ಇಲ್ಲ. ನಿನ್ನ ಮುಖ ನೋಡ್ತಿದ್ದೆ."

ಅವನು ಇಷ್ಟು ಉದ್ದ ಮಾತಾಡಿದ್ದು ನಾನು ಹಿಂದೆಂದೂ ಕೇಳಿಲ್ಲ. ಕೈ ನಿಲ್ಲಿಸದೆ ಕೇಳಿದೆ.

"ಆ ಹೊಸಬನಿಗೆ ಬೇಡ ಅಂತ ಬೆಳಿಗ್ಗೆನೇ ಹೇಳ್ಬಿಟ್ಟೆ."

ಬೆಳಿಗ್ಗೆಯೇ. ನನ್ನ ಕೈಗೆ ಕತ್ತಿ ಕೊಡುವ ಮೊದಲೇ.

ಕಣ್ಣು ಮಂಜಾಯಿತು. ಮಂಜು ಇಳಿಯುವವರೆಗೆ ಕತ್ತಿ ಎತ್ತಿ ಹಿಡಿದು ಕಾದೆ. ಅವನೂ ಕಾದ. ಹೇಳಬೇಕೆಂದರೆ ಹೇಳುವಷ್ಟು ಉಸಿರು ಇತ್ತು, ಆದರೆ ಗಂಟಲಿನ ಭಾಗ ಇನ್ನೂ ಬಾಕಿ ಇತ್ತು. ಅವನ ಗದ್ದವನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿ, ತುಟಿ ಚೂಪು ಮಾಡಿ, ನಿಧಾನವಾಗಿ ಉಸಿರು ಬಿಡುತ್ತಾ ಹೆರೆದೆ.